"ಅಕ್ಕೋರೇ, ಹಕ್ಕಿಗೆ ಗೊತ್ತಾಗೂದಿಲ್ವಾ?"

ಪ್ರಶ್ನೆ: ನಾನು ಕುಮಟಾ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಒಂಬತ್ತನೇ ತರಗತಿಗೆ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಒಂದು ಚಿತ್ರ ತೋರಿಸಿದೆ. ಸತ್ತ ಆಲ್ಬಟ್ರಾಸ್ ಮರಿ. ಹೊಟ್ಟೆ ಇದ್ದ ಜಾಗದಲ್ಲಿ ಬಾಟಲಿ ಮುಚ್ಚಳ, ಲೈಟರ್, ಪ್ಲಾಸ್ಟಿಕ್ ಚೂರು. ಒಬ್ಬ ಹುಡುಗ ಎದ್ದು ನಿಂತು "ಅಕ್ಕೋರೇ, ಹಕ್ಕಿಗೆ ಗೊತ್ತಾಗೂದಿಲ್ವಾ?" ಎಂದ. ಇನ್ನೊಬ್ಬಳು "ಅಲ್ಲಿ ಊರೇ ಇಲ್ಲ ಅಂದಮೇಲೆ ಕಸ ಹೇಗೆ ಬಂತು?" ಎಂದಳು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆ ಮರಿ ನಿಜವಾಗಿ ಪ್ಲಾಸ್ಟಿಕ್‌ನಿಂದಲೇ ಸತ್ತಿದ್ದಾ? ಇಂಥ ದ್ವೀಪಗಳಿಗೆ ಹೋಗಿ ಸ್ವಚ್ಛ ಮಾಡಿದರೆ ಸಾಕಾಗುವುದಿಲ್ಲವೇ? ನಮ್ಮ ಮಕ್ಕಳು ಏನಾದರೂ ಮಾಡಬಹುದೇ?

ಉತ್ತರ: ಮೇಡಂ, ಮೊದಲು ಆ ಹುಡುಗನ ಪ್ರಶ್ನೆ. ಹಕ್ಕಿಗೆ ಗೊತ್ತಿರುವ ವಿದ್ಯೆಯೇ ಈಗ ಅದಕ್ಕೆ ಮುಳುವಾಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನೀವು ಕೇಳಿದ ಉಳಿದ ಪ್ರಶ್ನೆಗಳ ಉತ್ತರವೂ ಇದರಲ್ಲೇ ಇದೆ.

ಚಿತ್ರದಲ್ಲಿ ಇದ್ದದ್ದು ಲೇಸಾನ್ ಆಲ್ಬಟ್ರಾಸ್ ಮರಿ ಇರಬೇಕು. ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿದರೆ ಸುಮಾರು 2 ಮೀಟರ್ ಅಗಲ. ವರ್ಷಕ್ಕೆ ಒಂದೇ ಮೊಟ್ಟೆ, ಒಂದೇ ಮರಿ. ಆ ಮರಿಗೆ ಊಟ ತರಲು ಅಪ್ಪ ಅಮ್ಮ ಸರದಿಯ ಮೇಲೆ ಹೋಗುತ್ತವೆ, ಒಂದೊಂದು ಸಲ ಸಾವಿರಾರು ಕಿಲೋಮೀಟರ್. ಇದು ಆಳಕ್ಕೆ ಮುಳುಗಿ ಮೀನು ಹಿಡಿಯುವ ಹಕ್ಕಿಯಲ್ಲ. ನೀರಿನ ಮೇಲೆ ಕೂತು, ಮೇಲೆ ತೇಲುವುದನ್ನು ಕೊಕ್ಕಿನಿಂದ ಎತ್ತಿಕೊಳ್ಳುತ್ತದೆ. ಬೊಂಡಾಸ್, ಅಂದರೆ ಸ್ಕ್ವಿಡ್, ಜಾಸ್ತಿ ತಿನ್ನುತ್ತದೆ. ಜೊತೆಗೆ ಹಾರುಮೀನಿನ ತತ್ತಿ.

ಈ ತತ್ತಿಯಲ್ಲೇ ಇರುವುದು ವಿಷಯ. ಹಾರುಮೀನು ತತ್ತಿ ಇಡುವುದು ತೇಲುವ ವಸ್ತುವಿನ ಮೇಲೆ. ಮರದ ತುಂಡು, ಕಡಲ ಪಾಚಿ, ಬಿದ್ದ ಗರಿ, ಅಗ್ನಿಪರ್ವತದಿಂದ ಬಂದ ಹಗುರ ಕಲ್ಲು, ಏನು ಸಿಕ್ಕರೂ ಸರಿ. ತತ್ತಿಗೆ ಅಂಟು ನೂಲಿನಂಥ ಎಳೆಗಳಿರುತ್ತವೆ, ಅವು ಗಟ್ಟಿಯಾಗಿ ಸುತ್ತಿಕೊಳ್ಳುತ್ತವೆ. ನಡುಸಮುದ್ರದಲ್ಲಿ ಒಂದೊಂದೇ ತತ್ತಿ ಬಿಡಿಸಿ ತಿನ್ನಲು ಆಗುತ್ತದೆಯೇ? ಹಕ್ಕಿ ತುಂಡನ್ನೇ ನುಂಗಿಬಿಡುತ್ತದೆ. ತತ್ತಿ ಕರಗುತ್ತದೆ, ಮರದ ತುಂಡು ಆಮೇಲೆ ಬಾಯಿಂದ ಹೊರಬರುತ್ತದೆ. ಸಾವಿರಾರು ತಲೆಮಾರು ಹೀಗೇ ನಡೆದಿದೆ. ತೇಲುವುದನ್ನು ನುಂಗಿದ ಹಕ್ಕಿ ಬದುಕಿತು, ಮರಿ ಸಾಕಿತು.

ಈಗ ಅದೇ ನೀರಿನಲ್ಲಿ ಒಂದು ಹಲ್ಲುಜ್ಜುವ ಬ್ರಷ್ ತೇಲುತ್ತಿದೆ ಎಂದುಕೊಳ್ಳಿ. ಹಾರುಮೀನು ಅದರ ಮೇಲೂ ತತ್ತಿ ಇಡುತ್ತದೆ. ಹಕ್ಕಿಯ ಕಣ್ಣಿಗೆ ಅಲ್ಲಿ ಕಾಣುವುದು ನಿಜವಾದ ಊಟ, ಮೋಸವೇನೂ ಇಲ್ಲ. ಮೂಗಿಗೂ ಹಾಗೇ. ಕೆಲವು ತಿಂಗಳು ಸಮುದ್ರದಲ್ಲಿ ಬಿದ್ದ ಪ್ಲಾಸ್ಟಿಕ್ ಮೇಲೆ ಪಾಚಿ ಹಿಡಿಯುತ್ತದೆ, ಆ ಪಾಚಿಯಿಂದ ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ವಾಸನೆ ಬರುತ್ತದೆ. ಕಡಲ ಹಕ್ಕಿಗಳಲ್ಲಿ ಕೆಲವಕ್ಕೆ ಇದು 'ಇಲ್ಲಿ ಆಹಾರ ಇದೆ' ಎಂಬ ಸುಳಿವು. 2016ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನು ತೋರಿಸಿದರು. ಈ ವಾಸನೆ ಹಿಡಿದು ಹೋಗುವ ಜಾತಿಯ ಹಕ್ಕಿಗಳೇ ಪ್ಲಾಸ್ಟಿಕ್ ಜಾಸ್ತಿ ನುಂಗುತ್ತವೆ ಎಂದೂ ಅವರು ಕಂಡುಕೊಂಡರು.

ದೊಡ್ಡ ಹಕ್ಕಿ ನುಂಗಿದ್ದನ್ನು ಬೇಕೆಂದಾಗ ಕಕ್ಕಬಲ್ಲದು. ಆದರೆ ಅದು ಹೊಟ್ಟೆಯಲ್ಲಿ ಹೊತ್ತು ತಂದದ್ದೆಲ್ಲ ಮರಿಯ ಬಾಯಿಗೆ ಹೋಗುತ್ತದೆ. ಮರಿಗೆ ಹುಟ್ಟಿದ ಮೇಲೆ ಐದಾರು ತಿಂಗಳು ಗೂಡೇ ಗತಿ. ರೆಕ್ಕೆ ಬಲಿತು ಹಾರುವ ಹೊತ್ತು ಹತ್ತಿರ ಬಂದಾಗ ಅದು ಮೊದಲ ಸಲ ಹೊಟ್ಟೆಯ ಕರಗದ ಕಸವನ್ನೆಲ್ಲ ಒಂದು ಉಂಡೆಯಾಗಿ ಹೊರಹಾಕುತ್ತದೆ. ಇದಕ್ಕೆ ಬೋಲಸ್ ಎನ್ನುತ್ತಾರೆ.

ಈ ಉಂಡೆಯ ಬಗ್ಗೆ ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ. ಹವಾಯಿಯಲ್ಲಿ ಶಾಲಾ ಮಕ್ಕಳಿಂದಲೇ ಇದನ್ನು ಬಿಡಿಸುತ್ತಾರೆ. ಒಣಗಿದ ಉಂಡೆ ಮುಷ್ಟಿ ಗಾತ್ರದ್ದು, ಉದ್ದುದ್ದ, ಕಪ್ಪು. ಚಿಮಟದಿಂದ ಎಳೆದರೆ ಮೊದಲು ಬರುವುದು ಬೊಂಡಾಸಿನ ಕೊಕ್ಕುಗಳು. ಹುಣಸೆ ಬೀಜದ ಸಿಪ್ಪೆಯ ಹಾಗೆ ಹೊಳೆಯುವ ಗಟ್ಟಿ ಚೂರುಗಳು, ಒಂದರೊಳಗೆ ಒಂದು ಸಿಕ್ಕಿಕೊಂಡಿರುತ್ತವೆ. ಇವು ಇರಬೇಕಾದ್ದೇ. ಒಂದೆರಡು ಹಗುರ ಕಲ್ಲು ಸಿಗಬಹುದು, ಅದೂ ಹಳೇ ಕಾಲದಿಂದ ಇರುವುದೇ. ಅವುಗಳ ನಡುವೆ ಹಸಿರು ನೈಲಾನ್ ನೂಲು, ಬಿಸಿಲಿಗೆ ಬಿಳಿಚಿಕೊಂಡ ಮುಚ್ಚಳ, ಯಾವ ವಸ್ತುವಿನದು ಎಂದು ಹೇಳಲಾಗದ ಚಪ್ಪಟೆ ಚೂರುಗಳು. ಒಂದೇ ಉಂಡೆಯಲ್ಲಿ ಹಳೆಯ ಸಮುದ್ರ, ಇವತ್ತಿನ ಸಮುದ್ರ ಎರಡೂ ಪಕ್ಕಪಕ್ಕದಲ್ಲೇ ಸಿಗುತ್ತವೆ. ಉಂಡೆ ಹೊರಹಾಕಲು ಆದ ಮರಿ ಹಾರಿಹೋಗುತ್ತದೆ. ಅಷ್ಟರೊಳಗೆ ಸತ್ತ ಮರಿಯದ್ದೇ ನೀವು ತೋರಿಸಿದ ಚಿತ್ರ.

ಈಗ ಆ ಹುಡುಗಿಯ ಪ್ರಶ್ನೆ. ಮಿಡ್‌ವೇ ಇರುವುದು ಹವಾಯಿ ದ್ವೀಪಮಾಲೆಯ ಕೊನೆಯ ಹತ್ತಿರ, ಹೊನೊಲುಲು ನಗರದಿಂದ 2,000 ಕಿಲೋಮೀಟರ್‌ಗೂ ದೂರ. ಊರಿಲ್ಲ, ಹಕ್ಕಿಧಾಮ ನೋಡಿಕೊಳ್ಳುವ ಕೆಲವೇ ಜನ ಇದ್ದಾರೆ. ಕಸ ಬರುವ ದಾರಿ ಎರಡು. ಒಂದು ಅಲೆ. ಉತ್ತರ ಪೆಸಿಫಿಕ್‌ನಲ್ಲಿ ನೀರು ದೊಡ್ಡ ಸುತ್ತು ಹೊಡೆಯುತ್ತದೆ. ಏಷ್ಯಾ, ಅಮೆರಿಕ ಎರಡೂ ದಡದ ಕಸ, ಹಡಗುಗಳ ಕಸ, ಹರಿದ ಬಲೆ ಎಲ್ಲ ಆ ಸುತ್ತಿನೊಳಗೆ ಸೇರುತ್ತವೆ. ಇದನ್ನೇ ಪತ್ರಿಕೆಗಳು 'ಕಸದ ದ್ವೀಪ' ಎಂದು ಬರೆಯುವುದು. ಅದು ಕಾಲಿಟ್ಟು ನಡೆಯುವಂಥ ದ್ವೀಪ ಅಲ್ಲ, ದಯವಿಟ್ಟು ಮಕ್ಕಳಿಗೆ ಹಾಗೆ ಹೇಳಬೇಡಿ. ಅಲ್ಲಿ ಹೋದರೆ ಕಾಣುವುದು ನೀರೇ. ನಡುನಡುವೆ ಒಂದು ಬೆಂಡು, ಒಂದು ಹಗ್ಗ, ಕೆಳಗೆ ಲೆಕ್ಕವಿಲ್ಲದ ಚೂರುಗಳು. ಈ ಸುತ್ತಿನಲ್ಲಿ ಕಸ ಒಟ್ಟಾಗುವ ಪಟ್ಟಿ ಚಳಿಗಾಲದಲ್ಲಿ ದಕ್ಷಿಣಕ್ಕೆ ಸರಿದು ಈ ದ್ವೀಪಗಳ ಹತ್ತಿರ ಬರುತ್ತದೆ. ಆಗ ಬಲೆಗಳು ಹವಳದ ದಿಬ್ಬಕ್ಕೆ ಸಿಕ್ಕಿ ಕೂರುತ್ತವೆ. ಹವಾಯಿಯ ಮಾಂಕ್ ಸೀಲ್ ಎಂಬ ಪ್ರಾಣಿ ಜಗತ್ತಿನಲ್ಲಿ ಸುಮಾರು 1,600 ಮಾತ್ರ ಉಳಿದಿದೆ, ಆ ಬಲೆಗಳಲ್ಲಿ ಅದೂ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು ದಾರಿ ಹಕ್ಕಿಯ ಹೊಟ್ಟೆಯೇ. ಮಿಡ್‌ವೇಯಲ್ಲಿ ದಂಡೆಯಿಂದ ದೂರ, ಹುಲ್ಲಿನ ನಡುವೆ, ಗೂಡುಗಳ ಪಕ್ಕ ಬಿದ್ದಿರುವ ಮುಚ್ಚಳ, ಲೈಟರ್‌ಗಳನ್ನು ಅಲೆ ತಂದು ಹಾಕಿದ್ದಲ್ಲ. ಹಕ್ಕಿಗಳು ಹೀಗೆ ವರ್ಷಕ್ಕೆ ಸುಮಾರು 5 ಟನ್ ಪ್ಲಾಸ್ಟಿಕ್ ಹೊತ್ತು ತರುತ್ತವೆ ಎಂದು ಅಮೆರಿಕದ ವನ್ಯಜೀವಿ ಇಲಾಖೆಯ ಅಂದಾಜು. ಎಲ್ಲವೂ ಮರಿಗಳ ಊಟದ ಜೊತೆ ಬಂದದ್ದು.

ಇಲ್ಲಿ ನನ್ನನ್ನು ಯಾವತ್ತೂ ಕಾಡುವ ಒಂದು ಹೋಲಿಕೆ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ಕಡೆಯ ಮರಿಗಳ ಉಂಡೆ ಬಿಡಿಸಿದರು. ಒಂದು ಒವಾಹು ದ್ವೀಪ, ಹೊನೊಲುಲು ನಗರ ಇರುವ ಜಾಗ, ಲಕ್ಷಗಟ್ಟಲೆ ಜನ. ಇನ್ನೊಂದು ಕುರೆ, ಮಿಡ್‌ವೇಗಿಂತಲೂ ಆಚೆಯ ಒಂಟಿ ದ್ವೀಪ. ಒಂದೇ ಜಾತಿಯ ಹಕ್ಕಿ. ಕುರೆಯ ಮರಿಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಹೆಚ್ಚುಕಡಿಮೆ ಹತ್ತು ಪಟ್ಟು ಇತ್ತು. ಕುರೆಯ ದೊಡ್ಡ ಹಕ್ಕಿಗಳು ಊಟಕ್ಕೆ ಹೋಗುವುದು ಪಶ್ಚಿಮಕ್ಕೆ, ಕಸ ಸೇರುವ ನೀರಿಗೆ. ಮನುಷ್ಯರಿಂದ ದೂರ ಇದ್ದರೆ ಸುರಕ್ಷಿತ ಎಂದು ನಾವು ಸುಮ್ನೆ ಅಂದುಕೊಂಡಿದ್ದೇವೆ. ಸಮುದ್ರಕ್ಕೆ ಆ ಲೆಕ್ಕ ಇಲ್ಲ.

ಆ ಮರಿ ಪ್ಲಾಸ್ಟಿಕ್‌ನಿಂದಲೇ ಸತ್ತಿತೇ? ಚಿತ್ರ ನೋಡಿ ಹೇಳಲು ಬರುವುದಿಲ್ಲ. ಇದನ್ನು ಮಕ್ಕಳಿಗೆ ಹಾಗೇ ಹೇಳಿ. ಆಲ್ಬಟ್ರಾಸ್ ಮರಿಗಳು ಹಸಿವಿಗೆ ಸಾಯುತ್ತವೆ, ಬಿಸಿಲಿಗೆ ನೀರು ಆರಿ ಸಾಯುತ್ತವೆ, ಪ್ಲಾಸ್ಟಿಕ್ ಇಲ್ಲದ ಕಾಲದಲ್ಲೂ ಸಾಯುತ್ತಿದ್ದವು. ಹಾಗೆ ತಾನಾಗಿ ಸತ್ತ ಮರಿಗಳನ್ನೂ, ಗಾಡಿಗೆ ಸಿಕ್ಕಿ ಅಪಘಾತದಲ್ಲಿ ಸತ್ತ ಮರಿಗಳನ್ನೂ 1990ರ ದಶಕದಲ್ಲಿ ಮಿಡ್‌ವೇಯಲ್ಲೇ ಹೋಲಿಸಿ ನೋಡಿದರು. ತಾನಾಗಿ ಸತ್ತ ಮರಿಗಳಲ್ಲಿ ಪ್ಲಾಸ್ಟಿಕ್ ಜಾಸ್ತಿ, ಮೈಯಲ್ಲಿ ಕೊಬ್ಬು ಕಡಿಮೆ. ಅಂದರೆ ಪ್ಲಾಸ್ಟಿಕ್ ಹೆಚ್ಚಿನ ಸಲ ಒಂದೇ ಏಟಿಗೆ ಕೊಲ್ಲುವುದಿಲ್ಲ. ಹೊಟ್ಟೆಯ ಜಾಗ ಹಿಡಿಯುತ್ತದೆ, ಮರಿಯನ್ನು ಸೊರಗಿಸುತ್ತದೆ. ಆಮೇಲೆ ಎರಡು ದಿನ ಅಮ್ಮ ಬರುವುದು ತಡವಾದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಕೆಲವೊಮ್ಮೆ ಚೂಪು ತುಂಡು ಕರುಳು ಚುಚ್ಚುವುದೂ, ದಾರಿ ಕಟ್ಟುವುದೂ ಇದೆ.

ಮಿಡ್‌ವೇಯಲ್ಲಿ ಇನ್ನೊಂದು ಕೊಲೆಗಾರನೂ ಇದ್ದ, ಅದನ್ನು ಯಾರೂ ಚಿತ್ರದಲ್ಲಿ ತೋರಿಸುವುದಿಲ್ಲ. ಹಳೇ ನೌಕಾನೆಲೆಯ ಕಟ್ಟಡಗಳ ಸೀಸದ ಬಣ್ಣ. ಗೋಡೆಯಿಂದ ಉದುರಿದ ಚಕ್ಕೆಗಳನ್ನು ಮರಿಗಳು ಕುಕ್ಕಿ ತಿಂದು, ರೆಕ್ಕೆ ಜೋತುಬಿದ್ದು, ಸಾವಿರಗಟ್ಟಲೆ ಸತ್ತವು. ಆಮೇಲೆ ಆ ಬಣ್ಣ ಕೆರೆದು, ಮಣ್ಣಿನಿಂದ ಚಕ್ಕೆ ತೆಗೆಯುವ ಕೆಲಸ ಮಾಡಿದರು. ಅದೇ ದ್ವೀಪದಲ್ಲಿ ವಿಸ್ಡಮ್ ಎಂಬ ಹೆಣ್ಣು ಹಕ್ಕಿ ಇದೆ. 1956ರಲ್ಲಿ ಕಾಲಿಗೆ ಉಂಗುರ ಹಾಕಿದ್ದು. ಯಾರೂ ಸಾಕದೆ ತಾವಾಗಿ ಬದುಕುವ ಹಕ್ಕಿಗಳಲ್ಲಿ ನಮಗೆ ಗೊತ್ತಿರುವ ಅತಿ ಹಿರಿಯಳು. 2024ರಲ್ಲೂ ಮೊಟ್ಟೆ ಇಟ್ಟಳು. ಅವಳ ಮೊದಲ ಮರಿಗಳ ಕಾಲಕ್ಕೆ ಸಮುದ್ರದಲ್ಲಿ ಮುಚ್ಚಳಗಳೇ ಇರಲಿಲ್ಲ ಅನ್ನಬಹುದು. ಒಂದೇ ಹಕ್ಕಿಯ ಆಯಸ್ಸಿನಲ್ಲಿ ಇಷ್ಟು ಬದಲಾಗಿದೆ, ಅಲ್ವಾ?

ಕಡಲಾಮೆಯ ವಿಷಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. 2018ರ ಒಂದು ಆಸ್ಟ್ರೇಲಿಯನ್ ಅಧ್ಯಯನದ ಪ್ರಕಾರ 14 ಚೂರು ನುಂಗಿದ ಆಮೆ ಸಾಯುವ ಸಾಧ್ಯತೆ ಅರ್ಧಕ್ಕರ್ಧ. ಒಂದೇ ಚೂರಿಗೂ ಶೇ 22ರಷ್ಟು ಅಪಾಯ. ಯಾಕೆಂದರೆ ಆಮೆಗೆ ಹಕ್ಕಿಯ ಹಾಗೆ ಕಕ್ಕಲು ಬರುವುದಿಲ್ಲ.

ನೀವು ಹಕ್ಕಿಯ ಬಗ್ಗೆ ಕೇಳಿದ್ದೀರಿ. ಆದರೆ ದ್ವೀಪಗಳ ಕಸದ ಬಗ್ಗೆ ಮಾತಾಡುವಾಗ ನನಗೆ ಮೊದಲು ನೆನಪಾಗುವುದು ಏಡಿ. ಶಂಖದೊಳಗೆ ಮನೆ ಮಾಡುವ ಸನ್ಯಾಸಿ ಏಡಿ. ನಮ್ಮ ಕರಾವಳಿಯ ಬಂಡೆಗಳ ಸಂದಿಯಲ್ಲಿ ಇರುವವು ಹೆಚ್ಚಾಗಿ ಉಬ್ಬರ ಇಳಿತದ ನೀರಿಗೆ ಅಂಟಿಕೊಂಡವು. ಹವಳ ದ್ವೀಪಗಳಲ್ಲಿ ಇರುವವು ನೆಲದ ಮೇಲೇ ಬದುಕುತ್ತವೆ, ಗಿಡಗಳ ಬುಡದವರೆಗೂ ಓಡಾಡುತ್ತವೆ. ಬಿದ್ದ ಎಲೆ, ಹಣ್ಣು, ಸತ್ತ ಜೀವಿಗಳನ್ನು ತಿಂದು ದಂಡೆಯನ್ನು ಚೊಕ್ಕ ಇಡುವವು ಇವೇ.

ವರ್ಷಗಳ ಹಿಂದೆ ಲಕ್ಷದ್ವೀಪದ ಒಂದು ಜನವಿಲ್ಲದ ತುಣುಕು ದ್ವೀಪದಲ್ಲಿ ನನ್ನ ಕಾಲಿಗೆ ಒಂದು ಎಣ್ಣೆ ಕ್ಯಾನ್ ತಾಗಿತು. ಐದು ಲೀಟರಿನದು, ಮುಚ್ಚಳ ಇರಲಿಲ್ಲ. ಅರ್ಧ ಮರಳಲ್ಲಿ ಹೂತು, ಬಾಯಿ ಸ್ವಲ್ಪ ಮೇಲಕ್ಕೆ ಮಾಡಿ ಬಿದ್ದಿತ್ತು. ಎತ್ತಿದರೆ ಒಳಗೆ ಕಟಕಟ ಸದ್ದು. ಗೋಲಿ ತುಂಬಿದ ಡಬ್ಬಿಯ ಹಾಗೆ. ಚಾಕುವಿನಿಂದ ಕತ್ತರಿಸಿದೆ. ಮೂಗು ಹಿಡಿಯುವಷ್ಟು ವಾಸನೆ. ಮೂವತ್ತಕ್ಕೂ ಜಾಸ್ತಿ ಶಂಖಗಳು, ಜೀವ ಇದ್ದದ್ದು ಎರಡರಲ್ಲಿ. ಆ ಎರಡೂ ಹೊರಬಂದ ಕೂಡಲೇ ನೆರಳಿಗೆ ಓಡಿದವು. ಉಳಿದವನ್ನು ಮರಳ ಮೇಲೆ ಸುರಿದು ಎಣಿಸುತ್ತಾ ಕೂತಾಗ ಇದು ಹೇಗೆ ಆಯಿತು ಎಂದು ನಿಧಾನಕ್ಕೆ ಅರ್ಥವಾಯಿತು.

ಮೊದಲ ಏಡಿ ನೆರಳಿಗೋ ನೀರಿಗೋ ಒಳಗೆ ಇಳಿಯುತ್ತದೆ. ಒಳಗೋಡೆ ನುಣುಪು, ಶಂಖದ ಭಾರ ಬೆನ್ನ ಮೇಲೆ. ಹತ್ತಲು ಆಗುವುದಿಲ್ಲ, ಸಾಯುತ್ತದೆ. ಸತ್ತ ಏಡಿಯ ವಾಸನೆ ಬೇರೆ ಏಡಿಗಳಿಗೆ ಒಂದು ಸುದ್ದಿ: ಇಲ್ಲಿ ಒಂದು ಶಂಖ ಖಾಲಿಯಾಗಿದೆ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ. ಬೆಳೆದ ಹಾಗೆಲ್ಲ ದೊಡ್ಡ ಮನೆ ಹುಡುಕಬೇಕು. ಹಾಗಾಗಿ ಈ ಸುದ್ದಿ ಕೇಳಿದ ಏಡಿ ಓಡಿ ಬರುತ್ತದೆ, ಒಳಗೆ ಇಳಿಯುತ್ತದೆ, ಅದೂ ಸಾಯುತ್ತದೆ. ವಾಸನೆ ಇನ್ನೂ ಜೋರಾಗುತ್ತದೆ. ಆಲ್ಬಟ್ರಾಸ್‌ಗೆ ತತ್ತಿ ಹೇಗೋ ಏಡಿಗೆ ಈ ವಾಸನೆ ಹಾಗೆ. ಇದನ್ನು ನಂಬಿಯೇ ಇವುಗಳ ಕುಲ ಇಲ್ಲಿವರೆಗೆ ಬಂದಿದೆ.

ಸಂಶೋಧಕಿ ಜೆನಿಫರ್ ಲೇವರ್ಸ್ ಮತ್ತು ಜೊತೆಗಾರರು ಎರಡು ಕಡೆ ಇದನ್ನು ಎಣಿಸಿದರು. ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಹೀಗೆ ಸಿಕ್ಕಿ ಸತ್ತ ಏಡಿಗಳು ಸುಮಾರು 5,08,000. ದಕ್ಷಿಣ ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲಿ ಸುಮಾರು 61,000. ಒಂದೇ ಡಬ್ಬಿಯಲ್ಲಿ 526 ಏಡಿ ಸಿಕ್ಕಿದ್ದೂ ಉಂಟು. ಹೆಂಡರ್ಸನ್‌ನಲ್ಲಿ ಜನವಸತಿಯೇ ಇಲ್ಲ, ಅದು ವಿಶ್ವ ಪರಂಪರೆಯ ತಾಣ. 2015ರಲ್ಲಿ ಇದೇ ಲೇವರ್ಸ್ ತಂಡ ಅಲ್ಲಿ ಉಳಿದು ಲೆಕ್ಕ ಹಾಕಿದಾಗ ದಂಡೆಯಲ್ಲಿ 3.77 ಕೋಟಿ ಪ್ಲಾಸ್ಟಿಕ್ ತುಣುಕುಗಳು ಇವೆ ಎಂದು ಅಂದಾಜಾಯಿತು. ತೂಕ 17.6 ಟನ್. ಮೂರರಲ್ಲಿ ಎರಡು ಪಾಲು ಮರಳೊಳಗೆ ಹೂತುಹೋಗಿದ್ದವು. ಇಂಥ ಮರಳು ಹಗಲು ಹೆಚ್ಚು ಕಾಯುತ್ತದೆ ಎಂದೂ ಆಮೇಲೆ ಗೊತ್ತಾಯಿತು. ಆಮೆ ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನ ಆಗುವುದು ಮರಳಿನ ಬಿಸಿಯಿಂದ ಎಂಬುದು ನಿಮಗೆ ಗೊತ್ತೇ ಇದೆ.

ಹೆಂಡರ್ಸನ್ ಬಗ್ಗೆ ಒಂದು ಮಾತು ಸೇರಿಸದೆ ಇರಲಾರೆ. ಅಲ್ಲಿನ ಕಡಲ ಹಕ್ಕಿಗಳಿಗೆ ದೊಡ್ಡ ಶತ್ರು ಪ್ಲಾಸ್ಟಿಕ್ ಅಲ್ಲ, ಇಲಿ. ಹಿಂದಿನ ಕಾಲದ ದೋಣಿಗಳಲ್ಲಿ ಬಂದ ಇಲಿಗಳು ಪೆಟ್ರೆಲ್ ಹಕ್ಕಿಯ ಎಳೆ ಮರಿಗಳನ್ನು ತಿಂದು ಮುಗಿಸುತ್ತವೆ. 2011ರಲ್ಲಿ ಅವುಗಳನ್ನು ಪೂರ್ತಿ ತೆಗೆಯಲು ನಡೆದ ಪ್ರಯತ್ನ ಕೈಗೂಡಲಿಲ್ಲ. ಪ್ಲಾಸ್ಟಿಕ್ ಕಣ್ಣಿಗೆ ಹೊಡೆಯುತ್ತದೆ, ಇಲಿ ಕಾಣುವುದಿಲ್ಲ. ದ್ವೀಪದ ಜೀವಿಗಳನ್ನು ಉಳಿಸಬೇಕು ಅನ್ನುವವರು ಎರಡನ್ನೂ ನೋಡಬೇಕು.

ಹೋಗಿ ಸ್ವಚ್ಛ ಮಾಡಿದರೆ ಸಾಕಲ್ಲವೇ ಎಂದಿರಿ. ಸೇಶೆಲ್ಸ್ ದೇಶದ ಅಲ್ಡಾಬ್ರಾ ದ್ವೀಪದಲ್ಲಿ ಮಾಡಿ ನೋಡಿದ್ದಾರೆ. ಒಂದು ಲಕ್ಷಕ್ಕೂ ಜಾಸ್ತಿ ದೈತ್ಯ ಆಮೆಗಳಿರುವ ಜಾಗ ಅದು. 2019ರಲ್ಲಿ ಸ್ವಯಂಸೇವಕರ ಒಂದು ಸಣ್ಣ ತಂಡ ಐದು ವಾರ ಬಿಸಿಲಲ್ಲಿ ದುಡಿದು 25 ಟನ್ ಕಸ ತೆಗೆಯಿತು. ಉಳಿದದ್ದು ಎಷ್ಟು ಎಂದು ಲೆಕ್ಕ ಹಾಕಿದರೆ ಸುಮಾರು 513 ಟನ್. ಖರ್ಚು ಟನ್ ಒಂದಕ್ಕೆ ಸುಮಾರು 9,000 ಡಾಲರ್ ಬಿತ್ತು. ತೂಕದಲ್ಲಿ ಶೇ 83ರಷ್ಟು ಮೀನುಗಾರಿಕೆಯದ್ದು: ಬಲೆ, ಹಗ್ಗ, ಬೆಂಡು. ಉಳಿದದ್ದರಲ್ಲಿ ಹವಾಯಿ ಚಪ್ಪಲಿಗಳದ್ದು ದೊಡ್ಡ ಪಾಲು. ನೆಲದಿಂದ ಬರುವ ಕಸದ ಜಾಡು ಹಿಡಿದವರು ಮುಖ್ಯವಾಗಿ ಇಂಡೋನೇಷ್ಯಾ, ಜೊತೆಗೆ ಭಾರತ, ಶ್ರೀಲಂಕಾ ಕಡೆ ಬೊಟ್ಟು ಮಾಡಿದ್ದಾರೆ. ನಾವೂ ಆ ಲೆಕ್ಕದಲ್ಲಿ ಇದ್ದೇವೆ.

ಹಾಗಂತ ಸ್ವಚ್ಛ ಮಾಡುವುದು ವ್ಯರ್ಥ ಎಂದು ನಾನು ಹೇಳುವುದಿಲ್ಲ. ಒಂದು ಹಗ್ಗದ ಗೋಜಲು ತೆಗೆದರೆ ಆ ರಾತ್ರಿ ಮೊಟ್ಟೆ ಇಡಲು ಬರುವ ಆಮೆಗೆ ದಾರಿ ಬಿಡಿಸಿದಂತೆ. ಎಲ್ಲವನ್ನೂ ತೆಗೆಯಲು ಆಗದಿದ್ದಾಗ ಯಾವುದನ್ನು ಮೊದಲು ತೆಗೆಯಬೇಕು ಎಂಬುದು ಮುಖ್ಯ. ನನ್ನನ್ನು ಕೇಳಿದರೆ ಮೊದಲು ಬಲೆ ಮತ್ತು ಹಗ್ಗ, ಆಮೇಲೆ ಬಾಯಿ ತೆರೆದ ಬಾಟಲಿ ಡಬ್ಬಿಗಳು. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಬಣ್ಣದ ಚೂರು ಆಯುತ್ತಾ ಕೂರುವುದು ಕೊನೆಗೆ. ಬಲೆ ಸಮುದ್ರಕ್ಕೆ ಬೀಳದ ಹಾಗೆ ನೋಡಿಕೊಳ್ಳುವುದು ಇದೆಲ್ಲಕ್ಕಿಂತ ಅಗ್ಗ. ಹಡಗುಗಳು ಪ್ಲಾಸ್ಟಿಕ್ ಎಸೆಯಬಾರದು ಎಂಬ ಅಂತರರಾಷ್ಟ್ರೀಯ ನಿಯಮ 1988ರ ಕೊನೆಯಿಂದಲೇ ಇದೆ. ಸಮುದ್ರದ ನಡುವೆ ನೋಡುವವರು ಯಾರು? ಅದಕ್ಕೇ ನನಗೆ ಕೇರಳದ ಕೆಲಸದ ಮೇಲೆ ಭರವಸೆ ಜಾಸ್ತಿ. ಕೊಲ್ಲಂ ಹತ್ತಿರದ ನೀಂಡಕರ ಬಂದರಿನಲ್ಲಿ 2017ರಿಂದ ಮೀನುಗಾರರು ಬಲೆಗೆ ಬಂದ ಪ್ಲಾಸ್ಟಿಕ್ ಅನ್ನು ವಾಪಸ್ ನೀರಿಗೆ ಬಿಡದೆ ದಡಕ್ಕೆ ತಂದರು. ಅದನ್ನು ಬೇರ್ಪಡಿಸಿ, ಚೂರು ಮಾಡಿ ರಸ್ತೆ ಹಾಕಲು ಬಳಸಿದರು. ನಿಮ್ಮ ತರಗತಿಯಲ್ಲೂ ದೋಣಿಗೆ ಹೋಗುವವರ ಮಕ್ಕಳು ಇರುತ್ತಾರೆ. ಹರಿದ ಬಲೆಯ ತುಂಡನ್ನು ಮನೆಯವರು ಏನು ಮಾಡುತ್ತಾರೆ ಎಂದು ಕೇಳಿ ಬರೆಯಲು ಹೇಳಿ. ತಪ್ಪು ಹುಡುಕಲು ಅಲ್ಲ. ಬಂದರಿನಲ್ಲಿ ಅದನ್ನು ಹಾಕಲು ಒಂದು ಜಾಗ ಇದೆಯೇ ಎಂದು ತಿಳಿಯಲು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಮಕ್ಕಳನ್ನು ದಂಡೆಗೆ ಕರೆದುಕೊಂಡು ಹೋಗಿ. ಆ ಹೊತ್ತಿಗೆ ಸಮುದ್ರ ತನ್ನ ಹೊಟ್ಟೆಯಲ್ಲಿ ಇದ್ದದ್ದನ್ನೆಲ್ಲ ಹೊರಗೆ ಹಾಕಿರುತ್ತದೆ. ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿ. ಅಲೆ ಬಂದು ಬಿಟ್ಟುಹೋದ ಗೆರೆಯ ಮೇಲೆ ಇಟ್ಟು, ಒಳಗೆ ಇರುವುದನ್ನು ಎಣಿಸಿ. ಅದೇ ಚೌಕದ ಮರಳನ್ನು ಒಂದು ಗೇಣು ಅಗೆದು ಜರಡಿ ಹಿಡಿದು ಮತ್ತೆ ಎಣಿಸಿ. ಎರಡು ಲೆಕ್ಕಗಳ ವ್ಯತ್ಯಾಸ ಮಕ್ಕಳೇ ನೋಡಲಿ. ಡಿಸೆಂಬರ್ ನಂತರ ಆದರೆ ಅಗೆಯುವ ಮೊದಲು ಆಮೆ ಗೂಡು ಇಲ್ಲವೆಂದು ಅರಣ್ಯ ಇಲಾಖೆಯವರನ್ನೋ ಊರಿನ ಮೀನುಗಾರರನ್ನೋ ಕೇಳಿಕೊಳ್ಳಿ. ಬಾಟಲಿ ಸಿಕ್ಕರೆ ಹಾಗೇ ಚೀಲಕ್ಕೆ ಹಾಕಬೇಡಿ. ಮೊದಲು ಬಾಯಿ ಕೆಳಗೆ ಮಾಡಿ, ಮೆಲ್ಲಗೆ ಅಲುಗಿಸಿ, ಕಿವಿಗೊಟ್ಟು ಕೇಳಲು ಹೇಳಿ. ಒಳಗಿಂದ ಏನು ಬಂತು, ಎಷ್ಟು ಬಂತು, ಅದರಲ್ಲಿ ಎಷ್ಟಕ್ಕೆ ಜೀವ ಇತ್ತು ಎಂದು ಬರೆದಿಡಿ. ಆ ಹಾಳೆಯ ಒಂದು ಪ್ರತಿ ನನಗೂ ಕಳಿಸಿ.